ಆ ಸೆಲೋಟೇಪ್ ಕೆಳಗಿಡಿ

ಹಳೆಯ ಕಾಮಿಕ್ಸ್ ತೋರಿಸಲು ಬರುವವರು ಚೀಲ ಬಿಚ್ಚುವ ಮೊದಲೇ ಹೇಳುವ ಮಾತೊಂದಿದೆ: "ಸ್ವಲ್ಪ ಹರಿದಿತ್ತು ಸರ್, ನೀಟಾಗಿ ಟೇಪ್ ಹಾಕಿ ತಂದಿದ್ದೀನಿ." ಚೀಲದಿಂದ ಹೊರಬರುವುದು 1960ರ ದಶಕದ ಇಂದ್ರಜಾಲ ಕಾಮಿಕ್ಸ್. ಬೆನ್ನಿನುದ್ದಕ್ಕೂ ಎರಡು ಇಂಚು ಅಗಲದ, ಮಿರಮಿರ ಮಿಂಚುವ ಟೇಪು. ರದ್ದಿ ಅಂಗಡಿ, ಮಳೆಗಾಲ, ಗೆದ್ದಲು, ಮನೆ ಬದಲಾವಣೆ ಎಲ್ಲವನ್ನೂ ದಾಟಿ ಬಂದ ಪುಸ್ತಕ ಅದು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿಗೆ ತರುವ ಹಿಂದಿನ ರಾತ್ರಿ. ಪ್ರೀತಿಯಿಂದಲೇ ಮಾಡಿರುತ್ತಾರೆ, ಅದಕ್ಕೇ ಹೆಚ್ಚು ಸಂಕಟವಾಗುತ್ತದೆ.

ಸಂಗ್ರಾಹಕರು ಪ್ರತಿಯೊಂದಕ್ಕೆ ಕೊಡುವ ಗ್ರೇಡ್ ಎಂದರೆ ಅಂದಕ್ಕೆ ಕೊಡುವ ಅಂಕವಲ್ಲ. ಅಚ್ಚಾಗಿ ಹೊರಬಂದ ದಿನ ಹೇಗಿತ್ತೋ ಅಲ್ಲಿಂದ ಈ ಪ್ರತಿ ಎಷ್ಟು ದೂರ ಬಂದಿದೆ ಎಂಬ ಅಳತೆ ಅದು. ಹರಿದದ್ದು ಒಂದು ದೂರ. ಹರಿದ ಜಾಗಕ್ಕೆ ಟೇಪ್ ಅಂಟಿಸಿದ್ದು ಅದಕ್ಕೆ ಸೇರುವ ಇನ್ನೊಂದು ದೂರ. ಟೇಪಿನಿಂದ ಹರಕು ರದ್ದಾಗುವುದಿಲ್ಲ, ಲೆಕ್ಕದಲ್ಲಿ ಎರಡೂ ಉಳಿಯುತ್ತವೆ. ಇದನ್ನು ಎಷ್ಟು ಸಲ ಹೇಳಿದರೂ "ಹರಿದಿದ್ದಕ್ಕಿಂತ ಅಂಟಿಸಿದ್ದು ವಾಸಿ ಅಲ್ವಾ?" ಎಂಬ ಪ್ರಶ್ನೆ ಮತ್ತೆ ಬರುತ್ತದೆ. ಓದಲಿಕ್ಕೆ ವಾಸಿ, ನಿಜ. ಸಂಗ್ರಹಕ್ಕೆ ವಾಸಿಯಲ್ಲ.

ಯಾಕೆಂದು ವಿವರವಾಗಿಯೇ ಹೇಳುತ್ತೇನೆ. ಸಾಮಾನ್ಯ ಸೆಲೋಟೇಪಿನಲ್ಲಿ ಎರಡು ಪದರಗಳಿವೆ: ಮೇಲಿನ ಪ್ಲಾಸ್ಟಿಕ್, ಕೆಳಗಿನ ಅಂಟು. ಗಾಳಿ ಮತ್ತು ಬಿಸಿ ತಗುಲುತ್ತಾ ಅಂಟು ಮೊದಲು ಇನ್ನಷ್ಟು ಜಿಗುಟಾಗುತ್ತದೆ. ಆಮೇಲೆ ಎಣ್ಣೆಯಂತಾಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಆ ಹಂತದಲ್ಲಿ ಕಾಗದ ಎಣ್ಣೆ ಬಿದ್ದ ಬೋಂಡಾ ಪೊಟ್ಟಣದ ಹಾಗೆ ಪಾರದರ್ಶಕವಾಗುತ್ತದೆ, ಹಿಂದಿನ ಪುಟದ ಚಿತ್ರ ಈಚೆಗೆ ಕಾಣತೊಡಗುತ್ತದೆ. ಕೊನೆಗೆ ಅಂಟು ಒಣಗಿ ಗಡುಸಾಗುತ್ತದೆ, ಪ್ಲಾಸ್ಟಿಕ್ ತಾನಾಗಿ ಉದುರುತ್ತದೆ, ಹರಕು ಮತ್ತೆ ಬಾಯಿ ತೆರೆಯುತ್ತದೆ. ಉಳಿಯುವುದು ಕಂದು ಕಲೆ ಮತ್ತು ಮುಟ್ಟಿದರೆ ಮುರಿಯುವ ಕಾಗದ. ಒಳಪುಟಗಳು ನ್ಯೂಸ್‌ಪ್ರಿಂಟ್ ಆದ್ದರಿಂದ ಅವುಗಳಲ್ಲಿ ಲಿಗ್ನಿನ್ ಎಂಬ ಮರದ ಅಂಶ ಮೊದಲೇ ಇರುತ್ತದೆ. ಅವು ತಾವಾಗಿಯೇ ಹುಳಿಯೇರಿ ಹಳದಿಯಾಗುತ್ತಿರುತ್ತವೆ. ಅಂಥ ಕಾಗದಕ್ಕೆ ಟೇಪ್ ಹಾಕಿದರೆ ನಾರು ಸೋಲುತ್ತದೆ, ಅಂಟು ಗೆಲ್ಲುತ್ತದೆ. ಕೀಳಲು ಹೋದರೆ ಬಣ್ಣದ ಪದರವೂ ಜೊತೆಗೇ ಎದ್ದು ಬರುತ್ತದೆ.

ಈಗಾಗಲೇ ಟೇಪ್ ಹಾಕಿಯಾಗಿದ್ದರೆ ಕೀಳಬೇಡಿ. ಹೇರ್ ಡ್ರೈಯರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ಯಾವುದೂ ಬೇಡ, ಅಚ್ಚಿನ ಶಾಯಿಯೂ ಕರಗಬಹುದು. ಹಾಗೆಯೇ ಬಿಟ್ಟು, ಎಲ್ಲಿ, ಎಷ್ಟು ಉದ್ದ ಎಂದು ಪಟ್ಟಿಯಲ್ಲಿ ಬರೆಯಿರಿ. ಪ್ರತಿ ನಿಜಕ್ಕೂ ಅಪರೂಪದ್ದಾದರೆ ಕಾಗದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಗೆ ತೋರಿಸಿ. ಅವರು ಜಪಾನಿ ಟಿಶ್ಯೂ ಮತ್ತು ಗೋಧಿ ಪಿಷ್ಟದ ಅಂಟು ಬಳಸುತ್ತಾರೆ, ಬೇಕೆಂದಾಗ ನೀರಿನ ಪಸೆಯಿಂದಲೇ ಅದು ಬಿಡುತ್ತದೆ. ಮನೆಯ ಮೈದಾ ಅಂಟು ಅದಕ್ಕೆ ಸಮವಲ್ಲ. ಹುಳ ಬರದಿರಲೆಂದು ಬೈಂಡಿಂಗ್‌ನವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ಹುಳವನ್ನು ದೂರವಿಡಬಹುದು, ಕಾಗದವನ್ನಂತೂ ಸುಡುತ್ತದೆ.

ಬೈಂಡಿಂಗ್ ವಿಷಯಕ್ಕೆ ಬಂದರೆ, ಅದು ಟೇಪಿಗಿಂತ ದೊಡ್ಡ ದುಃಖ. ಇಪ್ಪತ್ತೈದು ಪುಸ್ತಕ ಸೇರಿಸಿ ರಟ್ಟು ಹಾಕಿಸಿ, ಬೆನ್ನಿನ ಮೇಲೆ ಮಗನ ಹೆಸರು ಬರೆಸಿದ ಅಪ್ಪಂದಿರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಅವರಿಂದಾಗಿಯೇ ಆ ಪುಸ್ತಕಗಳು ಉಳಿದವು, ಅದನ್ನು ಮರೆಯಬಾರದು. ಆದರೆ ಬೈಂಡರ್ ಮಾಡಿದ್ದೇನು? ಪಿನ್ ಕಿತ್ತ. ಅಂಚಿಗೆ ತೂತು ಹೊಡೆದು ಹೊಲಿದ. ಮೂರೂ ಕಡೆ ಎರಡು ಮೂರು ಮಿಲಿಮೀಟರ್ ಕತ್ತರಿಸಿದ. ಎಷ್ಟೋ ಸಲ ಹೊದಿಕೆಯನ್ನೇ ತೆಗೆದೆಸೆದ. ಇಂಥ ಸಂಪುಟ ನಿಮ್ಮಲ್ಲಿದ್ದರೆ ಬಿಡಿ ಪ್ರತಿಗಳನ್ನಾಗಿ ಮಾಡಲು ಹೋಗಬೇಡಿ. ಬಿಚ್ಚಿದರೆ ಹೊಲಿಗೆಯ ತೂತು, ಕತ್ತರಿಸಿದ ಅಂಚು, ಅಂಟಿನ ಬೆನ್ನು ಇರುವ ಇಪ್ಪತ್ತೈದು ಗಾಯಾಳುಗಳು ಸಿಗುತ್ತವೆ. ಸಂಪುಟವಾಗಿ ಅದಕ್ಕೊಂದು ಮನೆತನದ ಇತಿಹಾಸವಾದರೂ ಇದೆ.

ಲ್ಯಾಮಿನೇಷನ್ ಬಗ್ಗೆ ಹೇಳುವುದು ಕಡಿಮೆ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು.

ತುಕ್ಕು ಹಿಡಿದ ಪಿನ್ನನ್ನು ಕಿತ್ತು ಹೊಸ ಸ್ಟೇಪ್ಲರ್ ಪಿನ್ ಹೊಡೆಯುವವರೂ ಇದ್ದಾರೆ. ಹಳೆಯ ಪಿನ್ನಿನ ಸುತ್ತ ಕಂದು ನೆರಳಿರುತ್ತದೆ. ಹೊಸ ಪಿನ್ ಅದರ ಪಕ್ಕದಲ್ಲಿ ಬೆಳ್ಳಗೆ ಕೂತರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಜೊತೆಗೆ ಎರಡು ಹೊಸ ತೂತುಗಳ ಲೆಕ್ಕವೂ ಸೇರುತ್ತದೆ. ಇಸ್ತ್ರಿ ಪೆಟ್ಟಿಗೆಯಿಂದ ಸುಕ್ಕು ಬಿಡಿಸುವುದು, ಬಿಸಿಲಿಗೆ ಹರಡುವುದು, ರಬ್ಬರಿನಿಂದ ಹೆಸರು ಅಳಿಸುವುದು ಇವೂ ಬೇಡ. ಹೊದಿಕೆಯ ಮೇಲಿನ ಬಾಲ್‌ಪೆನ್ ಹೆಸರು ಸಣ್ಣ ದೋಷ. ಅದನ್ನು ಉಜ್ಜಿ ಮಾಡಿದ ಬಿಳಿ ಮಚ್ಚೆ ಅದಕ್ಕಿಂತ ದೊಡ್ಡ ದೋಷ.

ಈಗ ಗ್ರೇಡಿಂಗ್. ನಾವು ಬಳಸುವುದು ಅಮೆರಿಕದ 10 ಅಂಕಗಳ ಅಳತೆಯನ್ನೇ. 9.4 ಅಂದರೆ ಬಹುಪಾಲು ಹೊಸದರಂತೆ, 8.0 ತುಂಬ ಚೆನ್ನು, 6.0 ಚೆನ್ನು, 4.0 ಬಳಸಿದ್ದು ಆದರೆ ಗಟ್ಟಿ, 2.0 ಬಹಳ ಸವೆದರೂ ಪೂರ್ತಿಯಿದೆ, 0.5 ಅಂದರೆ ಏನೋ ಕಾಣೆಯಾಗಿದೆ. 2000ದಲ್ಲಿ ಶುರುವಾದ ಸಿಜಿಸಿ ಎಂಬ ಅಮೆರಿಕದ ಗ್ರೇಡಿಂಗ್ ಸಂಸ್ಥೆ ಇದೇ ಅಳತೆಯಲ್ಲಿ ಅಂಕ ಕೊಟ್ಟು, ಪ್ರತಿಯನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. ಬಣ್ಣ ತುಂಬಿ ಸರಿಪಡಿಸಿದ, ಅಂಚು ಕತ್ತರಿಸಿದ ಪ್ರತಿಗಳಿಗೆ ಅಲ್ಲಿ ಬೇರೆಯದೇ ನೇರಳೆ ಲೇಬಲ್. ಇಡೀ ಜಗತ್ತಿನಲ್ಲಿ ಈ ಕಸುಬು "ಸರಿಮಾಡಿದ" ಪ್ರತಿಯನ್ನು ಪ್ರತ್ಯೇಕವಾಗಿ ನೋಡುತ್ತದೆ ಎಂಬುದಕ್ಕೆ ಇಷ್ಟು ಸಾಕು. ನಮ್ಮಲ್ಲಿ ಕೈಗೆ ಬರುವ ಹಳೆಯ ಪ್ರತಿಗಳು ಹೆಚ್ಚಾಗಿ ಬಾಡಿಗೆ ಲೈಬ್ರರಿಗಳಿಂದ ಬಂದವು: ಮುದ್ರೆ, ಕಂದು ಕಾಗದದ ಬೆನ್ನು, ಪಕ್ಕದಿಂದ ಹೊಡೆದ ಮೂರು ಪಿನ್. 2.0ರಿಂದ 4.0ರೊಳಗಿನ ಪ್ರತಿ ಸಿಕ್ಕಿದರೆ ನಾಚಿಕೊಳ್ಳಬೇಕಿಲ್ಲ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬಟ್ಟೆಯ ಗ್ಲೌಸ್ ಬೇಡ, ಅದರಲ್ಲಿ ಕಾಗದದ ಅಂಚು ತಿಳಿಯದೆ ಹರಿಯುತ್ತದೆ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ದೀಪವನ್ನು ಪಕ್ಕದಿಂದ ತಗ್ಗಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಮಡಿಕೆಗಳು ಆಗ ನೆರಳು ಬಿಡುತ್ತವೆ. ಬಣ್ಣ ಒಡೆದು ಬಿಳಿ ಕಾಣುವ ಮಡಿಕೆ ಬೇರೆ, ಬಣ್ಣ ಒಡೆಯದ ಬಾಗು ಬೇರೆ. ಮೊದಲನೆಯದಕ್ಕೇ ಹೆಚ್ಚು ಅಂಕ ಹೋಗುತ್ತದೆ. ಆಮೇಲೆ ಅಗಲ ಮತ್ತು ಎತ್ತರವನ್ನು ಮೂರು ಮೂರು ಕಡೆ ಅಳೆಯಿರಿ. ಅದೇ ಕಾಲದ ಇನ್ನೊಂದು ಪ್ರತಿಗಿಂತ ಸಣ್ಣದಾಗಿದ್ದು, ಅಂಚು ಮಾತ್ರ ಒಳಕಾಗದಕ್ಕಿಂತ ತಿಳಿಬಣ್ಣದಲ್ಲಿದ್ದರೆ ಯಾರೋ ಕತ್ತರಿಸಿರಬಹುದು. "ಇರಬಹುದು" ಎಂದೇ ಬರೆಯಿರಿ, ಆ ಕಾಲದ ಮುದ್ರಣಾಲಯಗಳೂ ಒಂದೇ ಅಳತೆಗೆ ಕತ್ತರಿಸುತ್ತಿರಲಿಲ್ಲ.

ಪುಟ ಎಣಿಸುವುದನ್ನು ಬಿಡಲೇಬೇಡಿ. 32 ಪುಟದ ಪುಸ್ತಕದಲ್ಲಿ ಇರುವುದು ಮಧ್ಯಕ್ಕೆ ಮಡಿಚಿದ ಎಂಟು ಹಾಳೆ. ಯಾವ ಪುಟದ ಜೋಡಿ ಯಾವುದೆಂದು ತಿಳಿಯಲು 33ರಿಂದ ಕಳೆಯಿರಿ: 5ನೇ ಪುಟದ ಜೋಡಿ 28, 6ರ ಜೋಡಿ 27. ಆದ್ದರಿಂದ 27-28 ಸಡಿಲವಾಗಿ ಜಾರುತ್ತಿದ್ದರೆ ಮೊದಲು ನೋಡಬೇಕಾದ್ದು 5-6 ಇದೆಯೇ ಎಂದು. ನಡುವಿನ ಹಾಳೆಯಲ್ಲಿ 15ರಿಂದ 18ರವರೆಗಿನ ಪುಟಗಳಿರುತ್ತವೆ. ಪಿನ್ನಿನಿಂದ ಮೊದಲು ಕಳಚುವುದೂ ಅದೇ, ಕಾಣೆಯಾಗುವುದೂ ಅದೇ. ಕಥೆ ಓದಿಸಿಕೊಂಡು ಹೋಯಿತು ಎಂದು ನಂಬಬೇಡಿ, ಒಂದು ಹೊಡೆದಾಟದ ದೃಶ್ಯ ಪೂರ್ತಿ ಇಲ್ಲದಿದ್ದರೂ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಹೊದಿಕೆ ನಕಲೇ ಎಂಬ ಅನುಮಾನವಿದ್ದರೆ ಕತ್ತಲಲ್ಲಿ ಅಲ್ಟ್ರಾವಯೊಲೆಟ್ ಟಾರ್ಚ್ ಹಿಡಿಯಿರಿ. ಈಚಿನ ಝೆರಾಕ್ಸ್ ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ, ಹಳೆಯ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಇರುತ್ತದೆ. ಇದೊಂದರಿಂದಲೇ ತೀರ್ಮಾನ ಮಾಡುವುದು ಬೇಡ.

ಟೇಪು, ಬೈಂಡಿಂಗ್ ಬೇಡವೆನ್ನಲು ಇನ್ನೊಂದು ಕಾರಣವಿದೆ. ಒಂದು ಪ್ರತಿ ಯಾವ ಮುದ್ರಣದ್ದು ಎಂಬುದಕ್ಕೆ ಸಾಕ್ಷಿ ಇರುವುದೆಲ್ಲ ಹೊದಿಕೆಯಲ್ಲಿ: ಬೆಲೆ, ಕ್ರಮಸಂಖ್ಯೆ, ಪ್ರಕಾಶಕರ ವಿಳಾಸ, ಮುದ್ರಕರ ಹೆಸರಿರುವ ಸಾಲು, ಹಿಂಬದಿಯ ಜಾಹೀರಾತು. ಒಂದೇ ಚಿತ್ರದ ಹೊದಿಕೆ, ಒಂದೇ ಕಥೆ, ಬೆಲೆ ಮಾತ್ರ ಹೆಚ್ಚಾಗಿದ್ದರೆ ಅದು ನಂತರದ ಮುದ್ರಣವಿರಬಹುದು. ಹಳೆಯ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿದ್ದರೆ ಅದು ಬೇರೆ ಸಂಗತಿ, ಉಳಿದ ಹಳೆಯ ಪ್ರತಿಗಳನ್ನೇ ಹೊಸ ಬೆಲೆಗೆ ಮಾರಿರಬಹುದು. ಆ ಚೀಟಿಯನ್ನೂ ಕೀಳಬೇಡಿ. ಮುದ್ರಕರ ಸಾಲಿನ ಮೇಲೆ ಕಂದು ಟೇಪ್ ಕೂತಿದ್ದರೆ ಇದ್ಯಾವುದನ್ನೂ ಓದಲಾಗುವುದಿಲ್ಲ.

ಅಮರ ಚಿತ್ರಕಥೆಯಲ್ಲಿ ಈ ಗೊಂದಲ ಹೆಚ್ಚು. ಇಂಗ್ಲಿಷಿನಲ್ಲಿ 'ಕೃಷ್ಣ' ಬಂದದ್ದು 11ನೇ ಸಂಖ್ಯೆಯಾಗಿ, 'ಹನುಮಾನ್' 19ನೇ ಸಂಖ್ಯೆಯಾಗಿ. ನಂತರದ ಡಿಲಕ್ಸ್ ಮರುಮುದ್ರಣಗಳಲ್ಲಿ ಇವೇ 501 ಮತ್ತು 502 ಆದವು. 501 ಎಂದು ಅಚ್ಚಾದ 'ಕೃಷ್ಣ'ವನ್ನು ತಂದು "ಮೊದಲ ಮುದ್ರಣ" ಎನ್ನುವವರ ಮೇಲೆ ಕೋಪವಿಲ್ಲ, ಪ್ರಕಟಣೆಯ ಇತಿಹಾಸವೇ ಸಿಕ್ಕು. ಆದರೆ 11ರಿಂದ ಶುರುವಾದದ್ದೇಕೆ ಎಂದು ಕನ್ನಡಿಗರಾದರೂ ಕೇಳಬೇಕಲ್ಲ! ಅದಕ್ಕೂ ಮೊದಲು, 1965ರಲ್ಲಿ, ಪ್ರಕಾಶನ ಸಂಸ್ಥೆಯಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಈ ಹೆಸರಿನ ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು. ಆ ಮೊದಲ ಹತ್ತು ಪುರಾಣದವಲ್ಲ. ಸಿಂಡರೆಲಾ, ಪಿನೋಕಿಯೋ, ಅಲ್ಲಾದ್ದೀನನಂಥ ಹೊರನಾಡಿನ ಕಥೆಗಳು. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷ್ ಮಾಲೆ ಬೆಳೆದದ್ದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕನ್ನಡದ ಹರಕು ಸಿಂಡರೆಲಾ ಸಿಕ್ಕರೆ ರಾಮ ಕೃಷ್ಣರ ಪುಸ್ತಕಗಳನ್ನು ಉಳಿಸಿ ಅದನ್ನು ರದ್ದಿಗೆ ಹಾಕಬೇಡಿ. ದಯವಿಟ್ಟು ಟೇಪನ್ನೂ ಹಾಕಬೇಡಿ.

ಹರಿದದ್ದನ್ನು ಹಾಗಿದ್ದರೆ ಏನು ಮಾಡುವುದು? ಹರಿದಿರುವಂತೆಯೇ, ತುಂಡುಗಳನ್ನು ಅವುಗಳ ಜಾಗದಲ್ಲಿಟ್ಟು ಕವರಿಗೆ ಹಾಕಿ. ಪ್ರತಿಗಿಂತ 5-6 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಕವರ್ ಉತ್ತಮ, ಪಾಲಿಪ್ರೊಪಿಲೀನ್ ಆಗಬಹುದು, ಆದರೆ ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ರೈನ್‌ಕೋಟಿನ ವಾಸನೆ ಬರುವ ಪಿವಿಸಿ ಕವರ್ ಯಾವ ಕಾರಣಕ್ಕೂ ಬೇಡ, ಅದು ಶಾಯಿಗೆ ಅಂಟಿಕೊಳ್ಳುತ್ತದೆ. ಹಿಂದೆ ಆಮ್ಲರಹಿತ ರಟ್ಟು. ಅಂಗಿಯ ಪ್ಯಾಕಿನಲ್ಲಿ ಬರುವ ಬೂದು ರಟ್ಟು ಆಮ್ಲದ್ದೇ. ಕವರಿನ ಬಾಯಿ ಮುಚ್ಚುವ ಟೇಪು ಹೊರಗಡೆ, ಹಿಂಬದಿಗಿರಲಿ. ಪುಸ್ತಕ ಎಳೆಯುವಾಗ ಅದು ಹೊದಿಕೆಗೆ ತಗುಲಿ ಬಣ್ಣ ಕಿತ್ತ ಉದಾಹರಣೆಗಳು ಬೇಕಾದಷ್ಟಿವೆ. ಗಾಳಿಯ ತೇವ ಶೇಕಡ 45ರಿಂದ 55ರೊಳಗಿದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಮಂಗಳೂರು, ಮಡಿಕೇರಿಯ ಮಳೆಗಾಲದಲ್ಲಿ ಇದು ಕಷ್ಟ. ಹೊರಗೋಡೆಗೆ ತಾಗಿದ ಬೀರು ಬಿಟ್ಟು ಒಳಗೋಡೆಯದನ್ನು ಆರಿಸಿಕೊಳ್ಳಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ತಿಂಗಳಿಗೊಮ್ಮೆ ನೋಡಿ. ಹುಳ ಕಂಡರೆ ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಝರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಕಾಗದದ ಮೇಲೆ ನೀರು ಕೂರುತ್ತದೆ.

ಪಟ್ಟಿಗೆ ಸಾಮಾನ್ಯ ಎಕ್ಸೆಲ್ ಹಾಳೆ ಸಾಕು: ಭಾಷೆ, ಅಚ್ಚಾದ ಸಂಖ್ಯೆ, ಶೀರ್ಷಿಕೆ, ಬೆಲೆ, ದಿನಾಂಕ, ಮುದ್ರಕರ ಸಾಲು, ಪುಟಗಳು, ದೋಷಗಳು, ಗ್ರೇಡ್. ದೋಷಗಳನ್ನು ಮೊದಲು ಬರೆದು ಆಮೇಲೆ ಗ್ರೇಡ್ ಬರೆಯಿರಿ. ತಿರುವುಮುರುವು ಮಾಡಿದರೆ ಪ್ರೀತಿಯ ಪುಸ್ತಕದ ದೋಷಗಳು ಕಣ್ಣಿಗೆ ಬೀಳುವುದಿಲ್ಲ. ಸಂಖ್ಯೆಯನ್ನು ಇಂಟರ್ನೆಟ್ಟಿನ ಇಂಗ್ಲಿಷ್ ಪಟ್ಟಿಯಿಂದ ನಕಲು ಮಾಡದೆ ಕೈಯಲ್ಲಿರುವ ಪ್ರತಿಯಿಂದಲೇ ಬರೆದುಕೊಳ್ಳಿ.

ಇಂದ್ರಜಾಲದ ಪೂರ್ತಿ ಸಾಲು ಕೂಡಿಸುವವರಿಗೆ ಎರಡು ಮಾತು. 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತ ಈ ಮಾಲೆಯಲ್ಲಿ 443ರವರೆಗೆ ನೇರ ಸಂಖ್ಯೆಯಿದೆ. 444 ಆಗಬೇಕಿದ್ದ ಸಂಚಿಕೆಯ ಮೇಲೆ ಸಂಪುಟ 20, ಸಂಖ್ಯೆ 1 ಎಂದಿದೆ, ಅದು ಬೇರೆ ಮಾಲೆಯಲ್ಲ. ಹಾಗೆಯೇ ಮುಷ್ಕರದ ಕಾರಣ 123 ಮತ್ತು 124 ಹೊರಬರಲೇ ಇಲ್ಲ, ಇಂಗ್ಲಿಷಿನಲ್ಲಿ ಒಟ್ಟು ಬಂದದ್ದು 803. ಪಟ್ಟಿಯಲ್ಲಿ ಆ ಎರಡು ಸಾಲುಗಳನ್ನು ಖಾಲಿ ಬಿಡದೆ "ಪ್ರಕಟವಾಗಿಲ್ಲ" ಎಂದು ತುಂಬಿಸಿ. ನಿಮ್ಮ ಪೆಟ್ಟಿಗೆ ಮುಂದೆ ಯಾರ ಕೈಗೆ ಹೋಗುತ್ತದೋ ಅವರು ಬೆಂಗಳೂರಿನ ಹಳೆಯ ಪುಸ್ತಕದಂಗಡಿಗಳ ಅವೆನ್ಯೂ ರಸ್ತೆಯಲ್ಲಿ ಇಲ್ಲದ ಪುಸ್ತಕಕ್ಕಾಗಿ ಅಲೆಯುವುದು ತಪ್ಪುತ್ತದೆ.