‘ಪಿಜನ್‌ಹೋಲ್’ ಎಂದರೆ ಪತ್ರದ ಖಾನೆಯೋ, ಹಣೆಪಟ್ಟಿಯೋ?

ಪ್ರಶ್ನೆ: ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಿಂದ ಬಂದ ಸೂಚನೆಯಲ್ಲಿ ‘ಕಾಗದಪತ್ರಗಳನ್ನು ನಿಮ್ಮ ಪಿಜನ್‌ಹೋಲ್‌ನಲ್ಲಿ ಇಡಲಾಗಿದೆ’ ಎಂದಿದೆ. ಆದರೆ ಇಂಗ್ಲಿಷ್ ಸಂದರ್ಶನಗಳಲ್ಲಿ ಕಲಾವಿದರು ‘ನನ್ನನ್ನು ಪಿಜನ್‌ಹೋಲ್ ಮಾಡಬೇಡಿ’ ಎನ್ನುವುದನ್ನೂ ಓದಿದ್ದೇನೆ. ಈ ಪದಕ್ಕೆ ನಿಜವಾಗಿ ಏನು ಅರ್ಥ? ಮನೆಬಾಗಿಲಿನಲ್ಲಿ ಪತ್ರ ಹಾಕಲು ಇರುವ ಸೀಳಿಗೂ ಇದೇ ಹೆಸರೇ?

ಉತ್ತರ: ಸೂಚನೆಯಲ್ಲಿರುವುದು ಒಂದು ವಸ್ತುವಿನ ಹೆಸರು. ಗೋಡೆಗೆ ತಾಗಿಸಿ ನಿಲ್ಲಿಸಿದ, ಮುಂಭಾಗ ಪೂರ್ತಿ ತೆರೆದಿರುವ ಮರದ ಕಪಾಟನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಒಂದೇ ಅಳತೆಯ ಪುಟ್ಟ ಖಾನೆಗಳು ಸಾಲುಸಾಲಾಗಿರುತ್ತವೆ, ಪ್ರತಿ ಖಾನೆಯ ಅಂಚಿಗೆ ಒಬ್ಬರ ಹೆಸರಿನ ಚೀಟಿ ಅಂಟಿಸಿರುತ್ತದೆ. ಆ ಒಂದೊಂದು ಖಾನೆಯೂ ಒಂದೊಂದು ಪಿಜನ್‌ಹೋಲ್. ಅಂಚೆಯಲ್ಲಿ ಬಂದದ್ದನ್ನೂ ಕಚೇರಿಯ ಒಳಗಿನ ಟಿಪ್ಪಣಿಗಳನ್ನೂ ಸಿಬ್ಬಂದಿ ಅಲ್ಲಿ ಹಾಕುತ್ತಾರೆ, ಹೆಸರಿನವರು ಬಂದು ತೆಗೆದುಕೊಳ್ಳುತ್ತಾರೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ಇದು ದಿನಬಳಕೆಯ ಮಾತು. ಆಕ್ಸ್‌ಫರ್ಡ್‌ನ ವಿದ್ಯಾರ್ಥಿಗಳು ಅದನ್ನು ‘ಪಿಜ್’ ಎಂದು ಮೊಟಕುಗೊಳಿಸಿಯೂ ಹೇಳುತ್ತಾರೆ. ಇಂತಹ ಖಾನೆಗಳಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲವಾದ್ದರಿಂದ, ಮುಖ್ಯವಾದ ಕಾಗದವನ್ನು ಬಹಳ ದಿನ ಅಲ್ಲಿ ಬಿಡದಿರುವುದು ಒಳ್ಳೆಯದು.

ಬಾಗಿಲಿನ ಸೀಳಿಗೆ ಈ ಹೆಸರು ಸಲ್ಲುವುದಿಲ್ಲ. ಅದನ್ನು ಅಮೆರಿಕದವರು ‘ಮೇಲ್ ಸ್ಲಾಟ್’ ಎನ್ನುತ್ತಾರೆ. ಬ್ರಿಟಿಷರು, ಅಲ್ಲಿ ಪೆಟ್ಟಿಗೆಯೇ ಇಲ್ಲದಿದ್ದರೂ, ‘ಲೆಟರ್‌ಬಾಕ್ಸ್’ ಎನ್ನುತ್ತಾರೆ. ಅಮೆರಿಕದ ಅಂಚೆ ಇಲಾಖೆ 1923ರ ಹೊತ್ತಿಗೆ ಮನೆಗೆ ಪತ್ರ ಬರಬೇಕಾದರೆ ಬಾಗಿಲಲ್ಲಿ ಸೀಳು ಅಥವಾ ಹೊರಗೊಂದು ಪೆಟ್ಟಿಗೆ ಇರಲೇಬೇಕೆಂದು ವಿಧಿಸಿತ್ತು, ಏಕೆಂದರೆ ಅದಕ್ಕೆ ಮೊದಲು ಅಂಚೆಯವನು ಪ್ರತಿ ಬಾಗಿಲನ್ನೂ ತಟ್ಟಿ ಯಾರಾದರೂ ತೆರೆಯುವ ತನಕ ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಸೀಳಿನ ಮೂಲಕ ಪತ್ರ ಒಳಗೆ ಬೀಳುತ್ತದೆ, ಪಿಜನ್‌ಹೋಲ್‌ನಲ್ಲಿ ಪತ್ರ ಕುಳಿತಿರುತ್ತದೆ. ಎರಡರ ಕೆಲಸವೇ ಬೇರೆ.

ಹೆಸರು ಬಂದದ್ದು ಪಾರಿವಾಳ ಸಾಕುವ ಕಟ್ಟಡಗಳಿಂದ. ಯುರೋಪಿನಲ್ಲಿ ಮಾಂಸಕ್ಕೂ ಗೊಬ್ಬರಕ್ಕೂ ಪಾರಿವಾಳ ಸಾಕುತ್ತಿದ್ದವರು ಕಲ್ಲಿನ ಅಥವಾ ಇಟ್ಟಿಗೆಯ ಗೋಪುರಗಳನ್ನು ಕಟ್ಟಿ, ಅವುಗಳ ಒಳಗೋಡೆಯ ಉದ್ದಕ್ಕೂ ನೂರಾರು ಪೊಟರೆಗಳನ್ನು ಬಿಡುತ್ತಿದ್ದರು. ಹದಿನಾರನೆಯ ಶತಮಾನದ ಇಂಗ್ಲಿಷ್‌ನಲ್ಲಿ ಪಿಜನ್‌ಹೋಲ್ ಎಂದರೆ ಆ ಪೊಟರೆಯೇ. ಬರೆಯುವ ಮೇಜಿನ ಮೇಲಿನ ಖಾನೆಗಳು ನೋಡಲು ಹಾಗೆಯೇ ಇದ್ದುದರಿಂದ, ಹದಿನೇಳನೆಯ ಶತಮಾನ ಮುಗಿಯುವಷ್ಟರಲ್ಲಿ ಅವಕ್ಕೂ ಅದೇ ಹೆಸರು ಅಂಟಿತು. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಹಕ್ಕಿಯ ಮನೆಗೂ ಗೋಡೆಯಲ್ಲಿ ಸಾಮಾನಿಡಲು ಬಿಟ್ಟ ಜಾಗಕ್ಕೂ ನಾವು ‘ಗೂಡು’ ಎಂಬ ಒಂದೇ ಪದವನ್ನು ಬಳಸುತ್ತೇವೆ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರೋಣ. ಖಾನೆಯ ಹೆಸರು ‘ನನ್ನನ್ನು ಹಾಗೆ ಮಾಡಬೇಡಿ’ ಎಂದು ಬೇಡಿಕೊಳ್ಳುವ ಕ್ರಿಯಾಪದವಾದದ್ದು ಹೇಗೆ? ನನ್ನ ಮಟ್ಟಿಗೆ ಉತ್ತರ ಇರುವುದು ಹಿಂದಿನ ಗುಮಾಸ್ತರು ಕಾಗದ ಇಡುತ್ತಿದ್ದ ಕ್ರಮದಲ್ಲಿ. ಇಂದಿನಂತೆ ಕಾಗದಗಳನ್ನು ಕಡತದಲ್ಲಿ ನೆಟ್ಟಗೆ ನಿಲ್ಲಿಸಿಡುವ ಬೀರುಗಳು 1893ರ ಷಿಕಾಗೋ ವಸ್ತುಪ್ರದರ್ಶನದ ನಂತರವಷ್ಟೇ ಬಳಕೆಗೆ ಬಂದವು. ಅದಕ್ಕೂ ಮೊದಲು ಬಂದ ಪತ್ರವನ್ನು ಉದ್ದುದ್ದಕ್ಕೆ ಹಲವು ಮಡಿಕೆ ಮಡಿಸಿ ಕಿರಿದಾದ ಪಟ್ಟಿಯಂತೆ ಮಾಡಿ, ಹೊರಮೈ ಮೇಲೆ ಕಳುಹಿಸಿದವರ ಹೆಸರು, ದಿನಾಂಕ ಮತ್ತು ಒಂದು ಸಾಲಿನ ಸಾರಾಂಶವನ್ನು ಬರೆದು, ದಾರ ಸುತ್ತಿ ಖಾನೆಗೆ ತುರುಕುತ್ತಿದ್ದರು. ಆ ಬಳಿಕ ಯಾರೇ ಖಾನೆಯತ್ತ ನೋಡಿದರೂ ಕಾಣಿಸುತ್ತಿದ್ದುದು ಹೊರಗಿನ ಬರಹ ಮಾತ್ರ. ಒಳಗಿನ ನಾಲ್ಕು ಪುಟಗಳ ವಾದ, ಅಳಲು, ಷರತ್ತು ಯಾವುದೂ ಕಾಣುತ್ತಿರಲಿಲ್ಲ, ಮಡಿಕೆ ಬಿಚ್ಚಿ ಓದುವ ತಾಳ್ಮೆ ಯಾರಿಗೂ ಇಲ್ಲದಿದ್ದರೆ ಆ ಪತ್ರ ಅಲ್ಲಿಯೇ ಧೂಳು ತಿನ್ನುತ್ತಿತ್ತು. ಕ್ರಿಯಾಪದಕ್ಕೆ ಇರುವ ಎರಡೂ ಅರ್ಥಗಳು ಈ ಒಂದೇ ಅಭ್ಯಾಸದಲ್ಲಿ ಅಡಗಿವೆ. ಮೇಲುಬರಹದಿಂದಲೇ ಒಳಗಿರುವುದನ್ನು ತೀರ್ಮಾನಿಸುವುದು ಒಂದು, ಒಳಗೆ ಹಾಕಿ ಮರೆಯುವುದು ಇನ್ನೊಂದು.

ಕ್ರಿಯಾಪದ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಆದರೆ ವ್ಯಂಗ್ಯದ ಬಳಕೆ ಅದಕ್ಕಿಂತ ಹಳೆಯದು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಒಂದರ ಮೇಲೊಂದರಂತೆ ಸಂವಿಧಾನಗಳ ಕರಡು ಸಿದ್ಧಪಡಿಸುತ್ತಿದ್ದ ಸಿಯೇಸ್ ಎಂಬ ಪಾದ್ರಿಯ ಬಳಿ ಸಿದ್ಧ ಸಂವಿಧಾನಗಳು ಚೀಟಿ ಅಂಟಿಸಿ, ವಿಂಗಡಿಸಿ, ಸಂಖ್ಯೆ ಹಾಕಿದ ಪಿಜನ್‌ಹೋಲ್‌ಗಳಲ್ಲಿ ತುಂಬಿವೆ ಎಂದು ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ 1796ರಲ್ಲಿಯೇ ಚುಚ್ಚಿದ್ದರು.

ಮರೆಯುವ ಅರ್ಥ ಇಂದು ಹೆಚ್ಚಾಗಿ ಉಳಿದಿರುವುದು ಅಮೆರಿಕದ ರಾಜಕೀಯ ಭಾಷೆಯಲ್ಲಿ. ಸಂಸತ್ತಿನ ಸಮಿತಿಯೊಂದು ಮಸೂದೆಯನ್ನು ತಿರಸ್ಕರಿಸುವ ಗೋಜಿಗೂ ಹೋಗದೆ, ಚರ್ಚೆಗೂ ತೆಗೆದುಕೊಳ್ಳದೆ ಸುಮ್ಮನೆ ಇಟ್ಟುಕೊಂಡರೆ ಅದು ಪಿಜನ್‌ಹೋಲ್ ಆಯಿತು ಎನ್ನುತ್ತಾರೆ. ಅಲ್ಲಿನ ಕೆಳಮನೆಯಲ್ಲಿ ಅಂತಹ ಮಸೂದೆಯನ್ನು ಸಮಿತಿಯಿಂದ ಹೊರಗೆಳೆಯಲು 435 ಸದಸ್ಯರ ಪೈಕಿ 218 ಮಂದಿ ಸಹಿ ಹಾಕಬೇಕು. ಕನ್ನಡದಲ್ಲಿ ಇದಕ್ಕೆ ‘ನೆನೆಗುದಿಗೆ ಬಿತ್ತು’ ಎಂಬುದು ಹದವಾಗಿ ಒಪ್ಪುತ್ತದೆ.

ಸಂದರ್ಶನಗಳಲ್ಲಿ ನೀವು ಓದಿದ್ದು ಇನ್ನೊಂದು ಅರ್ಥ. ಈಗ ಹೆಚ್ಚು ಚಾಲ್ತಿಯಲ್ಲಿರುವುದೂ ಅದೇ. ‘ಹಣೆಪಟ್ಟಿ ಹಚ್ಚುವುದು’ ಎಂದರೆ ಅದು ಕನ್ನಡಕ್ಕೆ ಸರಿಯಾಗಿ ಇಳಿಯುತ್ತದೆ. ಒಬ್ಬ ಲೇಖಕಿ ಎರಡು ಪತ್ತೇದಾರಿ ಕಾದಂಬರಿಗಳನ್ನು ಬರೆದ ಮಾತ್ರಕ್ಕೆ ಮುಂದೆ ಆಕೆ ಏನೇ ಬರೆದರೂ ಪತ್ತೇದಾರಿ ಲೇಖಕಿಯೆಂದೇ ನೋಡಿದರೆ, ಆಕೆಯನ್ನು ಪಿಜನ್‌ಹೋಲ್ ಮಾಡಿದಂತೆ. ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೆಂದರೆ, ಈ ಪದದಲ್ಲಿ ಆಕ್ಷೇಪ ಸೇರಿಕೊಂಡಿದೆ. ಗ್ರಂಥಪಾಲಕರು ಪುಸ್ತಕಗಳನ್ನು ವಿಷಯವಾರು ಜೋಡಿಸುವುದು ವರ್ಗೀಕರಣ. ಅದನ್ನು ಪಿಜನ್‌ಹೋಲ್ ಮಾಡುವುದು ಎಂದರೆ ಅವರ ಕೆಲಸವನ್ನು ಹಳಿದಂತಾಗುತ್ತದೆ. ನಟರಿಗೆ ಪದೇ ಪದೇ ಒಂದೇ ಬಗೆಯ ಪಾತ್ರ ಸಿಗುವುದಕ್ಕೆ ಇಂಗ್ಲಿಷ್‌ನಲ್ಲಿ ‘ಟೈಪ್‌ಕಾಸ್ಟ್’ ಎಂಬ ಪ್ರತ್ಯೇಕ ಪದವೇ ಇದೆ. ಪಿಜನ್‌ಹೋಲ್ ಯಾರಿಗೆ ಬೇಕಾದರೂ, ಯಾವ ಕ್ಷೇತ್ರದಲ್ಲಾದರೂ ಅನ್ವಯಿಸುತ್ತದೆ.

ಗಣಿತದ ಪುಸ್ತಕ ತೆರೆದವರಿಗೆ ಇದೇ ಪದ ಮತ್ತೊಮ್ಮೆ ಎದುರಾಗುತ್ತದೆ, ಮತ್ತು ಅಲ್ಲಿ ಆಕ್ಷೇಪದ ಸುಳಿವೂ ಇರುವುದಿಲ್ಲ. ಹನ್ನೆರಡು ಖಾನೆಗಳಿಗೆ ಹದಿಮೂರು ಪತ್ರಗಳನ್ನು ಹೇಗೇ ಹಂಚಿದರೂ ಒಂದು ಖಾನೆಯಲ್ಲಾದರೂ ಎರಡು ಪತ್ರಗಳು ಇರಲೇಬೇಕು ಎಂಬುದೇ ಪಿಜನ್‌ಹೋಲ್ ತತ್ತ್ವ. ಯಾವ ಖಾನೆಯಲ್ಲಿ ಎಂಬುದನ್ನು ಅದು ಹೇಳುವುದಿಲ್ಲ, ಇದ್ದೇ ಇರುತ್ತದೆ ಎಂದಷ್ಟೇ ಹೇಳುತ್ತದೆ. ಒಂದು ಸಭೆಯಲ್ಲಿ 367 ಜನರಿದ್ದರೆ ಅವರಲ್ಲಿ ಇಬ್ಬರಾದರೂ ಒಂದೇ ತಾರೀಖಿನಂದು ಹುಟ್ಟಿರುತ್ತಾರೆ, ಏಕೆಂದರೆ ಫೆಬ್ರುವರಿ 29ನ್ನು ಸೇರಿಸಿದರೂ ವರ್ಷದಲ್ಲಿರುವುದು 366 ತಾರೀಖುಗಳು. ಪಠ್ಯಗಳಲ್ಲಿ ಇದಕ್ಕೆ ಗೂಡಿನಿಂದ ಇಣುಕುವ ಪಾರಿವಾಳಗಳ ಚಿತ್ರ ಹಾಕುವುದುಂಟು. ನೋಡಲು ಚೆನ್ನಾಗಿದ್ದರೂ ಅದು ಸ್ವಲ್ಪ ದಾರಿ ತಪ್ಪಿಸುತ್ತದೆ. 1834ರಲ್ಲಿ ಈ ತತ್ತ್ವವನ್ನು ಮಂಡಿಸಿದ ಜರ್ಮನ್ ಗಣಿತಜ್ಞ ಡಿರಿಚ್ಲೆಟ್ ಅವರ ಹೆಸರಿನೊಂದಿಗೆ ಜರ್ಮನ್ ಭಾಷೆಯಲ್ಲಿ ತಳಕು ಹಾಕಿಕೊಂಡಿರುವುದು ಮೇಜಿನ ಎಳೆಯುವ ಖಾನೆ, ಅಂದರೆ ಡ್ರಾಯರ್, ಅಲ್ಲಿ ಪಾರಿವಾಳದ ಪ್ರಸ್ತಾಪವೇ ಇಲ್ಲ.