ಗೊರಸಿನ ಗುರುತಿನಿಂದ ಬಾಗಿಲ ಬಣ್ಣದವರೆಗೆ: ಪತ್ತೇದಾರಿ ಕತೆ ಬೆಳೆದ ದಾರಿ

ನಮ್ಮ ತಾತ ಮುಳಬಾಗಿಲು ಕಡೆಯ ರೈತ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಮ್ಮೆ ಇರಲಿಲ್ಲ. ಮನೆಯವರೆಲ್ಲ ಹುಡುಕೋಕೆ ಓಡಿದರು. ತಾತ ಮಾತ್ರ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದರು. "ಅದಾಗೇ ಹೋಗಿಲ್ಲ ಕಣಪ್ಪ, ಯಾರೋ ಹೊಡ್ಕೊಂಡು ಹೋಗಿದಾರೆ" ಅಂದರು. ಹಗ್ಗ ಹರಿದಿರಲಿಲ್ಲ, ಬಿಚ್ಚಿತ್ತು. ಬದುವಿನ ಮೇಲೆ ಗೊರಸಿನ ಗುರುತಿತ್ತು, ಆದರೆ ಎರಡೂ ಕಡೆಯ ಹುಲ್ಲು ಹಾಗೇ ಇತ್ತು. ಹಸಿದ ಎಮ್ಮೆ ತಾನಾಗಿ ಹೊರಟಿದ್ದರೆ ಬಾಯಿ ಹಾಕದೆ ಬಿಡುತ್ತಾ? ಮಧ್ಯಾಹ್ನದ ಹೊತ್ತಿಗೆ ಪಕ್ಕದೂರಿನ ಹುಣಸೆ ತೋಪಿನಲ್ಲಿ ಅದು ಸಿಕ್ಕಿತು.

ಪತ್ತೇದಾರಿ ಕತೆಯ ಹಳೇ ಬೇರು ಇರೋದು ಇಂಥ ಕಡೆಯೇ. ಕಳೆದುಹೋದ ಒಂಟೆಯ ಕತೆ ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ದಾರಿಯ ಒಂದೇ ಪಕ್ಕದ ಹುಲ್ಲು ಮೇಯ್ದಿದೆ, ಅಂದರೆ ಅದಕ್ಕೆ ಒಂದು ಕಣ್ಣು ಕಾಣಲ್ಲ. ಒಂದು ಕಾಲಿನ ಗುರುತು ಎಳೆದಂತಿದೆ, ಅಂದರೆ ಕುಂಟು. ಒಂಟೆಯನ್ನು ನೋಡದೆಯೇ ಇಷ್ಟೂ ಹೇಳುವ ಮೂವರು ರಾಜಕುಮಾರರನ್ನು ದೆಹಲಿಯ ಕವಿ ಅಮೀರ್ ಖುಸ್ರೋ 14ನೇ ಶತಮಾನದ ಆರಂಭದಲ್ಲೇ ಪಾರ್ಸಿ ಕಾವ್ಯದೊಳಗೆ ತಂದಿದ್ದ. ಅದು 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಯಿತು. 18ನೇ ಶತಮಾನದಲ್ಲಿ ಫ್ರಾನ್ಸಿನ ಲೇಖಕ ವೋಲ್ಟೇರ್ ಅದೇ ಜಾಣತನವನ್ನು ತನ್ನ 'ಜಾಡಿಗ್' ಕತೆಯ ನಾಯಕನಿಗೆ ಕೊಟ್ಟ.

ಆದರೂ ಇವು ಪತ್ತೇದಾರಿ ಕತೆಗಳಲ್ಲ. ಅಂಥ ಕತೆ ಹುಟ್ಟೋಕೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ ತುಂಬಿದ ನಗರ ಬೇಕಿತ್ತು, ಪೊಲೀಸ್ ಬೇಕಿತ್ತು, ಅಪರಾಧದ ಸುದ್ದಿ ಮನೆಮನೆಗೆ ಮುಟ್ಟಿಸುವ ಪತ್ರಿಕೆ ಬೇಕಿತ್ತು. ಪ್ಯಾರಿಸ್‌ನಲ್ಲಿ ವಿಡಾಕ್ ಎಂಬ ಮಾಜಿ ಕೈದಿಯೇ ಪತ್ತೇದಾರರ ದಳದ ಮುಖ್ಯಸ್ಥನಾದ. 1828ರಲ್ಲಿ ಅವನ ಆತ್ಮಕತೆ ಬಂತು, ಜನ ಮುಗಿಬಿದ್ದು ಓದಿದರು. ಲಂಡನ್‌ಗೆ 1829ರಲ್ಲಿ ಹೊಸ ಪೊಲೀಸ್ ಪಡೆ ಬಂತು. ಅದರೊಳಗೆ ಪತ್ತೇದಾರಿ ವಿಭಾಗ ಶುರುವಾಗಿದ್ದು 1842ರಲ್ಲಿ, ಬರೀ 8 ಜನರಿಂದ.

ಅದಕ್ಕೂ ಒಂದು ವರ್ಷ ಮುಂಚೆ, 1841ರ ಏಪ್ರಿಲ್‌ನಲ್ಲಿ, ಅಮೆರಿಕದ ಎಡ್ಗರ್ ಅಲನ್ ಪೋ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ಬರೆದ. ಒಳಗಿಂದ ಬೀಗ ಹಾಕಿದ ಕೋಣೆ, ತಪ್ಪು ಮನುಷ್ಯನನ್ನು ಹಿಡಿಯುವ ಪೊಲೀಸರು, ಪೊಲೀಸನಲ್ಲದ ಬುದ್ಧಿವಂತ ಡ್ಯುಪಾನ್, ಕತೆ ಹೇಳುವ ಗೆಳೆಯ. ಮುಂದೆ ಎಲ್ಲರೂ ಬಳಸಿದ ಅಚ್ಚು ಒಂದೇ ಕತೆಯಲ್ಲಿ ತಯಾರಾಯಿತು.

ಆದರೆ ನನಗೆ ಜಾಸ್ತಿ ಹತ್ತಿರವಾದದ್ದು ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್', 1868ರದ್ದು. ಅದರ ಕತೆ ತೆರೆದುಕೊಳ್ಳುವುದೇ ನಮ್ಮ ನಾಡಿನಲ್ಲಿ. 1799, ಶ್ರೀರಂಗಪಟ್ಟಣ ಬಿದ್ದ ದಿನ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಅದರ ಕಾವಲಿನವರನ್ನು ಕೊಂದು ದೋಚುತ್ತಾನೆ. ವಜ್ರ ಕಲ್ಪನೆ, ಕೋಟೆ ಬಿದ್ದದ್ದು, ಲೂಟಿಯಾದದ್ದು ನಿಜ. ಟಿಪ್ಪುವಿನ ತಂದೆ ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಹೈದರನ ತಂದೆಯ ಸಮಾಧಿ ಇರೋದು ಕೋಲಾರದ ಮಕ್ಬರಾದಲ್ಲಿ. ಇಂಗ್ಲಿಷಿನ ಮೊದಮೊದಲ ದೊಡ್ಡ ಪತ್ತೇದಾರಿ ಕಾದಂಬರಿಯ ಹಿಂದೆ ಆ ಮನೆತನದ ಸೋಲಿದೆ ಅನ್ನೋದನ್ನು ನಮ್ಮೂರಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅದನ್ನು ಓದಿದ ದಿನ ಮೈ ಜುಮ್ ಅಂದಿತ್ತು.

ಕಾದಂಬರಿಯಲ್ಲಿ ವಜ್ರ ಇಂಗ್ಲೆಂಡಿನ ಒಂದು ಮನೆಯಿಂದ ಕಳುವಾಗುತ್ತದೆ. ಆ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಅದು ಒಂದು ಕಡೆ ಕದಡಿದೆ. ಕೆಲಸದವರ ಲಂಗ ತಾಗಿರಬೇಕು, ಸಣ್ಣ ವಿಷಯ, ಅಂತಾನೆ ಊರಿನ ಪೊಲೀಸ್ ಅಧಿಕಾರಿ. ಲಂಡನ್‌ನಿಂದ ಬಂದ ಸಾರ್ಜೆಂಟ್ ಕಫ್ ಅಲ್ಲೇ ನಿಲ್ಲುತ್ತಾನೆ. ಬಣ್ಣ ಬಳಿದು ಮುಗಿದದ್ದು ಮಧ್ಯಾಹ್ನ 3ಕ್ಕೆ. ಒಣಗೋಕೆ 12 ಗಂಟೆ ಬೇಕು. ರಾತ್ರಿ 12ಕ್ಕೆ ನೋಡಿದವಳು ಬಣ್ಣ ಸರಿಯಾಗಿತ್ತು ಅಂತಾಳೆ. ಹಾಗಾದರೆ 12ರಿಂದ 3ರ ಒಳಗೆ ಯಾರದೋ ಬಟ್ಟೆ ತಾಗಿದೆ. ಆ ಬಟ್ಟೆ ಈಗ ಯಾರ ಹತ್ತಿರ ಇದೆ? ತಾತ ನೋಡಿದ ಹುಲ್ಲಿನಂಥದ್ದೇ ಲೆಕ್ಕ, ಅಲ್ವಾ?

ಬಟ್ಟೆಯ ಎಳೆ ಕಾಲಿನ್ಸ್‌ಗೆ ಸುಮ್ನೆ ಹೊಳೆದದ್ದಲ್ಲ. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯಲ್ಲಿ ಒಂದು ಮಗುವಿನ ಕೊಲೆಯಾಯಿತು. ಲಂಡನ್‌ನ ಪತ್ತೇದಾರ ವಿಚರ್, ಮಗುವಿನ 16 ವರ್ಷದ ಮಲ ಅಕ್ಕನ ಮೇಲೆ ಅನುಮಾನಪಟ್ಟ. ಅವಳ ರಾತ್ರಿ ಉಡುಪೊಂದು ಕಾಣೆಯಾಗಿತ್ತು, ಅದೇ ಅವನಿಗೆ ಸಿಕ್ಕ ಸುಳಿವು. ದೊಡ್ಡ ಮನೆಯ ಹುಡುಗಿಯ ಮೇಲೆ ಕೂಲಿಯವನ ಮಗನೊಬ್ಬ ಕೈ ತೋರಿಸಿದ ಅಂತ ಜನ ರೇಗಿದರು, ಅವನ ಹೆಸರು ಕೆಟ್ಟಿತು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು.

1887ರಲ್ಲಿ ಷರ್ಲಾಕ್ ಹೋಮ್ಸ್ ಬಂದ. ಮುಂದಿನದು ಎಲ್ಲರಿಗೂ ಗೊತ್ತು. 1892ರ ಹೊತ್ತಿಗೆ ಬಂಗಾಳಿಯಲ್ಲಿ ಪ್ರಿಯನಾಥ ಮುಖೋಪಾಧ್ಯಾಯ ಎಂಬ ಪೊಲೀಸ್ ಅಧಿಕಾರಿ 'ದಾರೋಗಾರ್ ದಪ್ತರ್' ಎಂಬ ಪತ್ತೇದಾರಿ ಕತೆಗಳ ಸರಣಿ ಶುರುಮಾಡಿದರು. ಕನ್ನಡದಲ್ಲಿ, ನಾವಿಂದು ಹಾರಿಸುವ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿ ಬರೆದವರು. ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನಂತೂ ಸಾವಿರಾರು ಜನರಿಗೆ ಓದಿನ ರುಚಿ ಹತ್ತಿಸಿದ.

ತಾತನಿಗೆ ಓದು ಬರುತ್ತಿರಲಿಲ್ಲ. ಚಿಕ್ಕಪ್ಪ ಕೋಲಾರ ಬಸ್‌ಸ್ಟ್ಯಾಂಡಿನಿಂದ ಪುರುಷೋತ್ತಮನ ಪುಸ್ತಕ ತಂದು ರಾತ್ರಿ ಜಗಲಿ ಮೇಲೆ ಗಟ್ಟಿಯಾಗಿ ಓದುತ್ತಿದ್ದರು. ಕತೆ ಬಿಗಿಯಾದ ಹೊತ್ತಿಗೆ ಸರಿಯಾಗಿ ತಾತ ಕೈ ಅಡ್ಡ ಹಿಡಿಯುತ್ತಿದ್ದರು: "ತಾಳು ತಾಳು. ಆ ಹಿಂದಿನ ಪುಟ ಇನ್ನೊಂದ್ಸಲ ಓದು."