ಡಂಬೆಲ್ ಇಲ್ಲದ ಮನೆಯಲ್ಲಿ ಭಾರ ಎಲ್ಲಿಂದ ಬರುತ್ತದೆ? ಒಂದು ಅಧ್ಯಯನ ಟಿಪ್ಪಣಿ

ಮನೆಯಲ್ಲಿ ವ್ಯಾಯಾಮ ಶುರು ಮಾಡುವವರಿಗೆಲ್ಲ ಒಂದು ಅನುಮಾನ ಇದ್ದೇ ಇರುತ್ತದೆ. ಮಷೀನ್ ಇಲ್ಲ, ಡಂಬೆಲ್ ಇಲ್ಲ, ಬರಿಗೈಯಲ್ಲಿ ಮೈ ಗಟ್ಟಿಯಾಗುತ್ತಾ? ನನಗೂ ಹಾಗೇ ಅನ್ನಿಸಿತ್ತು. ಓದಿದ್ದು, ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಬರೆದುಕೊಂಡಿದ್ದೇನೆ.

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಜೋರಾಗಿ ಮಾಡುವವರಿಗೆ 75ರಿಂದ 150 ನಿಮಿಷ ಸಾಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಹಳೆಯ ಮಾರ್ಗಸೂಚಿಯಲ್ಲಿ ಒಂದು ಷರತ್ತಿತ್ತು: ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ. 2020ರಲ್ಲಿ ಅದನ್ನು ಕೈಬಿಟ್ಟರು. ಮನೆಯಲ್ಲಿ ಮಾಡುವವರಿಗೆ ನಿಜವಾಗಿ ಸಿಕ್ಕ ಅನುಕೂಲ ಇದೇ ಅಂತ ನನಗನ್ನಿಸುತ್ತದೆ. ಮೆಟ್ಟಿಲು ಹತ್ತಿದ ಎರಡು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ.

ಮೆಟ್ಟಿಲು ಅಂದಾಗ ನೆನಪಾಯಿತು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರ್‌ಗಳನ್ನೂ ವೈದ್ಯ, ಸಂಶೋಧಕ ಜೆರ್ರಿ ಮಾರಿಸ್ ಮತ್ತು ಜೊತೆಗಾರರು ಹೋಲಿಸಿ ನೋಡಿ, 1953ರಲ್ಲಿ ಪ್ರಕಟಿಸಿದರು. ದಿನವಿಡೀ ಕೂತಿರುವ ಚಾಲಕರಿಗಿಂತ, ಮೇಲೆ ಕೆಳಗೆ ಓಡಾಡುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಅವರ್ಯಾರೂ ವ್ಯಾಯಾಮ ಅಂತ ಮಾಡುತ್ತಿರಲಿಲ್ಲ, ಟಿಕೆಟ್ ಕೊಡುತ್ತಿದ್ದರು ಅಷ್ಟೇ.

ಮಧ್ಯಮ ಶ್ರಮ ಅಂದರೆ ಎಷ್ಟು? ಯಾವ ಯಂತ್ರವೂ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಲ್ಕು ಮಾತಿಗೇ ಏದುಸಿರು ಬಂದರೆ ಅದು ಜೋರು ಶ್ರಮ.

ಭಾರದ ವಿಷಯ

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಕಲಿತಂತೆ. ಪುಷ್-ಅಪ್ ಮಾಡುವಾಗ ನಮ್ಮ ಮೈ ಒಂದು ಹಲಗೆ ಇದ್ದ ಹಾಗೆ. ಕಾಲ್ಬೆರಳು ಒಂದು ತುದಿ, ಅಂಗೈ ಇನ್ನೊಂದು ಆಧಾರ. ಮೈತೂಕ ಇವೆರಡರ ನಡುವೆ ಹಂಚಿಹೋಗುತ್ತದೆ. ನೆಲದ ಮೇಲಿನ ಮಾಮೂಲಿ ಪುಷ್-ಅಪ್‌ನಲ್ಲಿ ಕೈಗಳ ಪಾಲಿಗೆ ಬರುವುದು ಸುಮಾರು ಶೇ. 64. ಅಂದರೆ 60 ಕೆಜಿ ತೂಕದವರು ಹೆಚ್ಚುಕಡಿಮೆ 38 ಕೆಜಿ ಎತ್ತುತ್ತಿದ್ದಾರೆ! ಮೊದಲ ದಿನವೇ ಇದು ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಮಂಡಿ ಊರಿದರೆ ಈ ಪಾಲು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಕೈಗಳನ್ನು ಸುಮಾರು 60 ಸೆಂ.ಮೀ. ಎತ್ತರದ ಗಟ್ಟಿ ಬೆಂಚಿನ ಮೇಲಿಟ್ಟರೆ ಶೇ. 40ರ ಹತ್ತಿರ. ಗೋಡೆಗೆ ಕೈಕೊಟ್ಟು ಮಾಡಿದರೆ ಇನ್ನೂ ಹಗುರ. ಉಲ್ಟಾ ಮಾಡಿ, ಕಾಲುಗಳನ್ನು ಅಷ್ಟೇ ಎತ್ತರಕ್ಕೆ ಇಟ್ಟರೆ ಶೇ. 70 ದಾಟುತ್ತದೆ. ತೂಕ ಅದೇ, ಓರೆ ಮಾತ್ರ ಬೇರೆ. ಜಿಮ್‌ನಲ್ಲಿ ಪ್ಲೇಟ್ ಬದಲಾಯಿಸುವ ಕೆಲಸವನ್ನು ಮನೆಯಲ್ಲಿ ಗೋಡೆ, ಮೇಜು, ನೆಲ ಮಾಡುತ್ತವೆ. ಮೇಜು ಜಾರದ ಹಾಗೆ ಗೋಡೆಗೆ ಒತ್ತರಿಸಿ ಇಡಿ.

ಬಸ್ಕಿಗೂ ಇದೇ ತರ್ಕ. ಶುರುವಿಗೆ ಕುರ್ಚಿ ಸಾಕು. ಕೈ ಊರದೆ ಎದ್ದು, ದೊಪ್ಪನೆ ಬೀಳದೆ ನಿಧಾನವಾಗಿ ಕೂರುವುದು. ಅದು ಸಲೀಸಾದ ಮೇಲೆ ಕುರ್ಚಿ ತೆಗೆಯಿರಿ. ಮುಂದೆ ಒಂದು ಕಾಲನ್ನು ಹಿಂದಿಟ್ಟು, ಭಾರ ಜಾಸ್ತಿ ಮುಂದಿನ ಕಾಲಿನ ಮೇಲೆ ಬೀಳುವಂತೆ ಇಳಿಯಿರಿ. ಹಿಮ್ಮಡಿ ಏಳಬಾರದು, ಮಂಡಿ ಪಾದದ ದಿಕ್ಕಿಗೇ ಇರಬೇಕು. ಮಂಡಿ ಕಾಲ್ಬೆರಳನ್ನು ದಾಟಲೇಬಾರದು ಅಂತ ಹೇಳುವವರಿದ್ದಾರೆ. ತೊಡೆ ಉದ್ದ ಇದ್ದವರಿಗೆ ದಾಟುತ್ತದೆ, ಅದು ತಪ್ಪಲ್ಲ. ಬಲವಂತವಾಗಿ ತಡೆದರೆ ಬೆನ್ನು ಮುಂದಕ್ಕೆ ಬಾಗಿ ಸೊಂಟದ ಮೇಲೆ ಭಾರ ಹೆಚ್ಚುತ್ತದೆ.

ಮನೆ ವ್ಯಾಯಾಮದ ದೊಡ್ಡ ಕೊರತೆ ಬೇರೆಯೇ ಇದೆ. ತಳ್ಳುವುದಕ್ಕೆ ನೆಲ ಇದೆ, ಎಳೆಯುವುದಕ್ಕೆ ಏನೂ ಇಲ್ಲ. ಹಾಗಾಗಿ ಎದೆಗೆ ಕೆಲಸ ಸಿಗುತ್ತದೆ, ಬೆನ್ನಿಗೆ ಸಿಗುವುದಿಲ್ಲ. ನಾನು ಬ್ಯಾಗಿಗೆ ಪುಸ್ತಕ ತುಂಬಿ, ಸೊಂಟದಿಂದ ಬಾಗಿ, ಬೆನ್ನು ನೇರ ಇಟ್ಟು, ಮೊಣಕೈ ಹಿಂದಕ್ಕೆ ಹೋಗುವಂತೆ ಬ್ಯಾಗನ್ನು ಹೊಟ್ಟೆಯ ಕಡೆ ಎಳೆಯುತ್ತೇನೆ. ನೋಡುವವರಿಗೆ ತಮಾಷೆ, ಆದರೆ ಕೆಲಸ ಆಗುತ್ತದೆ. ಭಾರ ಸಾಲದಿದ್ದರೆ ಇನ್ನೊಂದು ಪುಸ್ತಕ.

ಮೊದಲ ವಾರಗಳಲ್ಲಿ ಆಗುವುದು

ಎರಡು ಮೂರು ವಾರದಲ್ಲಿ ಪುಷ್-ಅಪ್ ಸಂಖ್ಯೆ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಕಾರಣ, ಮೊದಲು ಕಲಿಯುವುದು ನರಮಂಡಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಅದು ರೂಢಿ ಮಾಡಿಕೊಳ್ಳುತ್ತದೆ. ಸ್ನಾಯು ದಪ್ಪವಾಗುವುದು ಕಣ್ಣಿಗೆ ಕಾಣಲು ಇನ್ನಷ್ಟು ವಾರ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸರಿಯಾಗಿ ಇದೇ ಹೊತ್ತಿಗೆ ಬಿಟ್ಟುಬಿಡುತ್ತಾರೆ.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದೂ ನಿಜವಲ್ಲ. ಸ್ನಾಯು ಗಟ್ಟಿಯಾಗುತ್ತದೆ, ಆದರೆ ಕೊಬ್ಬು ಎಲ್ಲಿಂದ ಕರಗಬೇಕು ಅಂತ ನಾವು ಹೇಳಲು ಆಗದು.

ಇನ್ನು ಮೈಕೈ ನೋವು. ಮೊದಲ ದಿನದ ಹುರುಪಿನಲ್ಲಿ ನಾನು ನೂರು ಬಸ್ಕಿ ಹೊಡೆದೆ. ಮರುದಿನ ಮೆಟ್ಟಿಲು ಹತ್ತಲು ಹೇಗೋ ಆಯಿತು, ಇಳಿಯಲು ಆಗಲಿಲ್ಲ. ಆಮೇಲೆ ಓದಿದಾಗ ಕಾರಣ ತಿಳಿಯಿತು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಈ ನೋವು ಬರುವುದೂ ಜಾಸ್ತಿ ಅಂಥ ಕೆಲಸದಿಂದಲೇ. ಒಂದರಿಂದ ಮೂರು ದಿನದೊಳಗೆ ಅದು ಏರಿ, ತಾನಾಗಿ ಇಳಿಯುತ್ತದೆ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಅನ್ನುವ ಮಾತು ಸರಿಯಲ್ಲ, ಆ ದಿನ ಹೆಚ್ಚಿದ ಲ್ಯಾಕ್ಟೇಟ್ (ಮೈಯಲ್ಲಿ ಆ ಆಮ್ಲ ಇರುವ ರೂಪ) ಒಂದೆರಡು ಗಂಟೆಯಲ್ಲೇ ಮಾಮೂಲಿಗೆ ಬಂದಿರುತ್ತದೆ. ಆದರೆ ಕೀಲಿನಲ್ಲಿ ಚುಚ್ಚುವ ನೋವು, ಎದೆನೋವು, ತಲೆಸುತ್ತು ಇವು ಬೇರೆ. ಆಗ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹೃದಯದ ತೊಂದರೆ ಮೊದಲೇ ಇದ್ದವರು ಕೇಳಿಯೇ ಶುರು ಮಾಡಬೇಕು.

ಪ್ರತಿದಿನ ವ್ಯಾಯಾಮ ಅಂದರೆ ಪ್ರತಿದಿನ ಅದೇ ಸ್ನಾಯುವಿಗೆ ಕೆಲಸ ಅಂತಲ್ಲ. ನಾನು ಇಟ್ಟುಕೊಂಡ ಕ್ರಮ ಇದು: ಸೋಮವಾರ, ಗುರುವಾರ ತಳ್ಳು, ಎಳೆ, ಬಸ್ಕಿ, ತಲಾ ಮೂರು ಸುತ್ತು. ಉಳಿದ ದಿನ ಬಿರುಸು ನಡಿಗೆ ಅಥವಾ ಮೆಟ್ಟಿಲು, 30 ನಿಮಿಷ, ಬೇಕಾದರೆ ತುಂಡು ತುಂಡಾಗಿ. ಪ್ರತಿ ಸುತ್ತಿನ ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು. ಉಸಿರು ಬಿಗಿಹಿಡಿಯಬೇಡಿ, ತಳ್ಳುವಾಗ ಬಿಡಿ. ಮೂರೂ ಸುತ್ತಿನಲ್ಲಿ 15 ಸಲೀಸಾಗಿ ಬಂದ ದಿನ ಗೋಡೆಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿರಿ. ನಾನಿನ್ನೂ ಮೇಜಿನ ಹತ್ತಿರವೇ ಇದ್ದೇನೆ.